ಯುಎಸ್‌ಬಿ 3 ಕ್ಯಾಮೆರಾ ಹಾಕುವವರೇ, ಪರದೆ ಮೇಲೆ ಚಿತ್ರ ಬಂತು ಅಂತ ನಂಬಬೇಡಿ

ಪೀಣ್ಯದ ಒಂದು ಸಣ್ಣ ಕಾರ್ಖಾನೆಗೆ ಹೋದ ವರ್ಷ ಇನ್‌ಸ್ಪೆಕ್ಷನ್ ಸಿಸ್ಟಮ್ ಮಾಡಿಕೊಟ್ಟೆ. ಲೇತ್‌ನಿಂದ ಬಂದ ಬುಷ್‌ಗಳು (ಸಣ್ಣ ಲೋಹದ ಕೊಳವೆಗಳು) ರೋಲರ್ ಮೇಲೆ ಒಂದು ಸುತ್ತು ತಿರುಗುತ್ತವೆ, ಎರಡು ಕ್ಯಾಮೆರಾ ನೋಡುತ್ತವೆ, ಗೀರು ಇದ್ದರೆ ಪಕ್ಕಕ್ಕೆ ತಳ್ಳಬೇಕು. ಅಷ್ಟೇ ಕೆಲಸ. ಆಫೀಸಿನಲ್ಲಿ ಎರಡು ವಾರ ಓಡಿಸಿ ನೋಡಿದ್ದೆ, ಒಂದು ತಪ್ಪೂ ಇರಲಿಲ್ಲ.

ಸೈಟಿಗೆ ಹಾಕಿದ ಹತ್ತೇ ದಿನಕ್ಕೆ ಓನರ್ ಫೋನ್. "ಏನ್ ಸಾರ್, ನಿಮ್ಮ ಕ್ಯಾಮೆರಾ ಕಣ್ಣು ಮುಚ್ಚಿಕೊಂಡು ಕೂತಿತ್ತಾ?" ಗೀರು ಬಿದ್ದ ಮಾಲು ಅವರ ಗಿರಾಕಿಯ ತನಕ ಹೋಗಿ ವಾಪಸ್ ಬಂದಿತ್ತು.

ನಾನು ಮೊದಲು ಬೈದದ್ದು ಲೈಟಿಂಗ್‌ಗೆ. ಆಮೇಲೆ ನನ್ನದೇ ಪ್ರೋಗ್ರಾಮ್‌ಗೆ. ಒಂದು ವಾರ ಥ್ರೆಶೋಲ್ಡ್ (ಯಾವುದನ್ನು ಗೀರು ಅನ್ನಬೇಕು ಅನ್ನುವ ಮಿತಿ) ತಿದ್ದುತ್ತಾ ಸುಮ್ನೆ ಕಳೆದೆ. ಕೊನೆಗೆ ಬೇಜಾರಾಗಿ ಪ್ರತಿ ಫ್ರೇಮ್‌ನ, ಅಂದರೆ ಕ್ಯಾಮೆರಾ ತೆಗೆದ ಒಂದೊಂದು ಚಿತ್ರದ, ನಂಬರ್ ಫೈಲಿಗೆ ಬರೆಸಿದೆ ನೋಡಿ, ಆಗ ಹೊಟ್ಟೆಯಲ್ಲಿ ತಣ್ಣಗಾಯಿತು: 118, 119, 122. ಮಧ್ಯದ ಎರಡು ಇಲ್ಲವೇ ಇಲ್ಲ. ಬುಷ್ ಒಂದು ಸುತ್ತು ತಿರುಗುವುದಕ್ಕೆ ಒಂದು ಸೆಕೆಂಡ್, ಅಷ್ಟರಲ್ಲಿ 35 ಫ್ರೇಮ್, ಅಂದರೆ ಫ್ರೇಮ್‌ಗೆ ಸುಮಾರು 10 ಡಿಗ್ರಿ. ಎರಡು ಹೋದರೆ 20 ಡಿಗ್ರಿ ಯಾರೂ ನೋಡಿಲ್ಲ. ಗೀರು ಅಲ್ಲೇ ಇದ್ದರೆ ಪಾಸ್. ಎರರ್ ಇಲ್ಲ, ಅಲಾರಂ ಇಲ್ಲ, ಪರದೆ ಮೇಲೆ ಚಿತ್ರ ಚೆನ್ನಾಗಿ ಓಡುತ್ತಲೇ ಇರುತ್ತದೆ.

ಲೆಕ್ಕ ಮೊದಲೇ ಹಾಕಬೇಕಿತ್ತು. 2448 × 2048 ಪಿಕ್ಸೆಲ್, 8 ಬಿಟ್ ಅಂದರೆ ಫ್ರೇಮ್‌ಗೆ 5 ಎಂಬಿ. 35 ಫ್ರೇಮ್‌ಗೆ 175 ಎಂಬಿ, ಎರಡು ಕ್ಯಾಮೆರಾ ಸೇರಿ 350. ಡಬ್ಬದ ಮೇಲೆ 5 ಗಿಗಾಬಿಟ್ ಅಂತ ಬರೆದಿದ್ದರೂ ಎನ್‌ಕೋಡಿಂಗ್‌ಗೇ (ಡೇಟಾ ಜೊತೆ ಸೇರಿಸುವ ಹೆಚ್ಚುವರಿ ಬಿಟ್‌ಗಳಿಗೇ) ಐದರಲ್ಲೊಂದು ಭಾಗ ಹೋಗುತ್ತದೆ, ಉಳಿದದ್ದು ಸೆಕೆಂಡಿಗೆ 500 ಎಂಬಿ, ಕೈಗೆ ಸಿಗುವುದು 350ರಿಂದ 400 ಅಷ್ಟೇ. ಆಫೀಸಿನ ಪಿಸಿಯಲ್ಲಿ ಎರಡು ಕ್ಯಾಮೆರಾ ಬೇರೆ ಬೇರೆ ಕಂಟ್ರೋಲರ್ (ಯುಎಸ್‌ಬಿ ಪೋರ್ಟ್‌ಗಳನ್ನು ನಡೆಸುವ ಚಿಪ್) ಮೇಲಿದ್ದವು. ಸೈಟಿನ ಪಿಸಿಯಲ್ಲಿ ನಾಲ್ಕು ನೀಲಿ ಪೋರ್ಟ್ ಇದ್ದರೂ ಒಳಗೆ ಕಂಟ್ರೋಲರ್ ಒಂದೇ. ನಾಲ್ಕು ನಲ್ಲಿ, ಒಂದೇ ಪೈಪು!

ಅದು ಸಾಲದು ಅಂತ ಲಿನಕ್ಸ್. ಅದು ಯುಎಸ್‌ಬಿಗೆ ಇಡುವ ಬಫರ್ (ಬಂದ ಡೇಟಾ ತಾತ್ಕಾಲಿಕವಾಗಿ ಇಡುವ ಮೆಮೊರಿ) 16 ಎಂಬಿ, ಮೂರು ಫ್ರೇಮ್‌ಗೇ ಭರ್ತಿ. ಆಫೀಸಿನ ಮಷಿನ್‌ನಲ್ಲಿ ಯಾವಾಗಲೋ 1000 ಎಂಬಿಗೆ ಏರಿಸಿದ್ದೆ, ಸೈಟಿನಲ್ಲಿ ಮರೆತೆ. ಇದು ಪೂರ್ತಿ ನನ್ನ ತಪ್ಪು.

ಆದರೆ ಜಾಸ್ತಿ ಕಾಡಿದ್ದು ಕೇಬಲ್. ಕ್ಯಾಮೆರಾ ಜೊತೆ ಬಂದದ್ದು ಉದ್ದ ಸಾಲಲಿಲ್ಲ, ಎಸ್.ಪಿ. ರೋಡಿನಿಂದ 5 ಮೀಟರ್‌ನದು ತಂದೆ. ಸ್ಕ್ರೂ ಇಲ್ಲದ ಪ್ಲಗ್, ಕನ್ವೇಯರ್ ಮೋಟರ್‌ನ ವಿಎಫ್‌ಡಿ (ಮೋಟರ್ ವೇಗ ನಿಯಂತ್ರಿಸುವ ಸಾಧನ) ವೈರ್ ಜೊತೆ ಒಂದೇ ಟ್ರೇಯಲ್ಲಿ ಎಳೆದೆ. ಬುದ್ಧಿ ಎಲ್ಲಿತ್ತೋ! ಮೋಟರ್ ಶುರುವಾದಾಗ ಒಮ್ಮೊಮ್ಮೆ ಕ್ಯಾಮೆರಾ ಮಾಯವಾಗಿ ಮತ್ತೆ ಬರುತ್ತಿತ್ತು. ಇನ್ನೂ ಮೋಸದ ವಿಷಯ ಏನೆಂದರೆ, ಅಲುಗಾಟಕ್ಕೆ ಪ್ಲಗ್ ಸಡಿಲವಾಗಿ ವೇಗದ ವೈರ್‌ಗಳು ಸರಿಯಾಗಿ ತಾಗದಿದ್ದರೆ ಕ್ಯಾಮೆರಾ ಸತ್ತುಹೋಗುವುದಿಲ್ಲ, ಸದ್ದಿಲ್ಲದೆ ಯುಎಸ್‌ಬಿ 2ಕ್ಕೆ ಇಳಿಯುತ್ತದೆ. ಆಗ ಸೆಕೆಂಡಿಗೆ ಸುಮಾರು 40 ಎಂಬಿ, ಎಂಟು ಫ್ರೇಮ್. ಕೆಲವು ಬೆಳಗ್ಗೆ ಇಡೀ ಶಿಫ್ಟ್ ಹಾಗೇ ಓಡಿದೆ.

ಈಗ ಏನು ಮಾಡಿದ್ದೇನೆ ಅಂದರೆ, ಪಿಸಿಯನ್ನೇ ಹತ್ತಿರ ತಂದು 3 ಮೀಟರ್ ಸ್ಕ್ರೂ ಲಾಕ್ ಕೇಬಲ್ ಹಾಕಿದೆ, ಮೋಟರ್ ವೈರಿನಿಂದ ದೂರ. ಪ್ರತಿ ಪೋರ್ಟಿಗೂ ಬೇರೆ ಕಂಟ್ರೋಲರ್ ಇರುವ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ತಂದೆ. ಕೇಳಿ ತನ್ನಿ, ಅಗ್ಗದ ನಾಲ್ಕು ಪೋರ್ಟ್ ಕಾರ್ಡ್‌ಗಳಲ್ಲಿ ಮತ್ತೆ ಅದೇ ಒಂದು ಪೈಪಿನ ಕಥೆ ಇರುತ್ತದೆ. ಪಿಸಿ ಹತ್ತಿರ ತರುವುದಕ್ಕೆ ಆಗದಿದ್ದರೆ ಆಪ್ಟಿಕಲ್ ಯುಎಸ್‌ಬಿ ಕೇಬಲ್ ನೋಡಿ, ಇಲ್ಲವೇ 100 ಮೀಟರ್ ಹೋಗುವ ಗಿಗಾಬಿಟ್ ಈಥರ್ನೆಟ್ ಕ್ಯಾಮೆರಾ. ಅದರಲ್ಲಿ ವೇಗ ಕಡಿಮೆ, ಆದರೆ ರಾತ್ರಿ ನಿದ್ದೆ ಬರುತ್ತದೆ.

ಪ್ರೋಗ್ರಾಮ್ ಶುರುವಾದಾಗ ಲಿಂಕ್ ವೇಗ ಓದಿ ನೋಡುತ್ತದೆ: 5000 ಮೆಗಾಬಿಟ್ (ಯುಎಸ್‌ಬಿ 3) ಇದ್ದರೆ ಸರಿ, 480 (ಯುಎಸ್‌ಬಿ 2) ಇದ್ದರೆ ಲೈನ್ ಓಡುವುದೇ ಇಲ್ಲ. ಫ್ರೇಮ್ ನಂಬರ್ ಒಂದು ತಪ್ಪಿದರೂ ಆ ಬುಷ್ ರಿಜೆಕ್ಟ್. ಒಂದು ತಿಂಗಳು ಹೀಗೇ ತೊಂದರೆ ಇಲ್ಲದೆ ಓಡಿದರೆ ಬಾಕಿ ಬಿಲ್ ಕೊಡುತ್ತೇನೆ ಅಂದಿದ್ದಾರೆ ಓನರ್. ಇವತ್ತಿಗೆ ಹತ್ತೊಂಬತ್ತು ದಿನ.