ಸುಗ್ಗಿಯ ಖರೀದಿಯೋ, ತಿಂಗಳ ಖರೀದಿಯೋ: ಬ್ಯಾಡಗಿ ಮೆಣಸಿನಕಾಯಿಯ ಎರಡು ವರ್ಷಗಳ ಲೆಕ್ಕ

ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಖಾರದ ಪುಡಿಯ ಸಣ್ಣ ಘಟಕವಿದೆ. ತಿಂಗಳಿಗೆ ಆರು ಕ್ವಿಂಟಾಲ್ ಒಣಮೆಣಸಿನಕಾಯಿ ಬೇಕಾಗುವ ಈ ಘಟಕಕ್ಕೆ ವರ್ಷದ ದೊಡ್ಡ ನಿರ್ಧಾರವೆಂದರೆ, ಫೆಬ್ರವರಿ–ಮಾರ್ಚ್ ಸುಗ್ಗಿಯಲ್ಲಿ ಬ್ಯಾಡಗಿ ಪೇಟೆಗೆ ಹೋಗಿ ಮುಂದಿನ ಹತ್ತು ತಿಂಗಳಿಗೆ ಸಾಲುವಷ್ಟು ಕೊಂಡು ಕೋಲ್ಡ್ ಸ್ಟೋರೇಜಿನಲ್ಲಿ ಇಡಬೇಕೋ, ಇಲ್ಲವೇ ಬೇಕಾದಂತೆಲ್ಲ ತಿಂಗಳು ತಿಂಗಳು ಕೊಳ್ಳಬೇಕೋ ಎಂಬುದು. ಒಂದು ವರ್ಷ ಮೊದಲನೆಯದನ್ನೂ ಮರುವರ್ಷ ಎರಡನೆಯದನ್ನೂ ಪೂರ್ತಿಯಾಗಿ ಪಾಲಿಸಿ ನೋಡಿದ್ದೇನೆ. ಇಲ್ಲಿರುವ ಅಂಕಿಗಳು ನಮ್ಮ ಕಿರ್ದಿಯವು. ಓದಲು ಸುಲಭವಾಗಲೆಂದು ದುಂಡಾಗಿಸಿದ್ದೇನೆ.

ಮೊದಲ ವರ್ಷ 60 ಕ್ವಿಂಟಾಲ್ ಕಾಯಿಯನ್ನು ಕ್ವಿಂಟಾಲಿಗೆ 30,000 ರೂಪಾಯಿಯಂತೆ ಕೊಂಡೆವು. ಒಟ್ಟು 18 ಲಕ್ಷ. ಮುಂದಿನ ಹತ್ತು ತಿಂಗಳಲ್ಲಿ ಅದೇ ದರ್ಜೆಯ ಕಾಯಿಯ ಧಾರಣೆ ಸರಾಸರಿ 31,500 ಇದ್ದುದರಿಂದ ಕ್ವಿಂಟಾಲಿಗೆ 1,500 ಉಳಿಯಿತೆಂದು ಮನೆಯಲ್ಲಿ ಎಲ್ಲರೂ ಸಂತೋಷಪಟ್ಟರು. ಆದರೆ ಆ ಹದಿನೆಂಟು ಲಕ್ಷ ಸುಮ್ಮನೆ ಕುಳಿತಿರಲಿಲ್ಲ. ತಿಂಗಳಿಗೆ ಆರು ಕ್ವಿಂಟಾಲಿನಂತೆ ತೆಗೆಯುತ್ತ ಹೋದರೆ ಮೊದಲ ಕಂತು ಒಂದು ತಿಂಗಳೂ ಕೊನೆಯ ಕಂತು ಹತ್ತು ತಿಂಗಳೂ ದಾಸ್ತಾನಿನಲ್ಲಿರುತ್ತದೆ, ಅಂದರೆ ಸರಾಸರಿ ಐದೂವರೆ ತಿಂಗಳು. ಶೇ. 11ರ ಕ್ಯಾಶ್ ಕ್ರೆಡಿಟ್ (ದಾಸ್ತಾನಿನ ಮೇಲೆ ಒಂದು ಮಿತಿಯವರೆಗೆ ಬ್ಯಾಂಕು ಕೊಡುವ ಸಾಲ) ಬಡ್ಡಿಯಂತೆ ಇದಕ್ಕೆ 90,750 ರೂಪಾಯಿ ಬೀಳುತ್ತದೆ. ಬಾಡಿಗೆ, ಹಮಾಲಿ, ವಿಮೆ ಸೇರಿ ಕ್ವಿಂಟಾಲಿಗೆ 500ರಂತೆ 30,000 ಆಯಿತು. ತೂಕ ಇಳಿದದ್ದು ಶೇ. 1, ಅದು 18,000. ಎಲ್ಲ ಕೂಡಿದರೆ 1,38,750, ಅಂದರೆ ಕ್ವಿಂಟಾಲಿಗೆ ಸುಮಾರು 2,300. ಧಾರಣೆ 32,300ನ್ನು ದಾಟಿದರೆ ಮಾತ್ರ ಸುಗ್ಗಿಯ ಖರೀದಿ ಗೆಲ್ಲುತ್ತಿತ್ತು. ಉಳಿತಾಯವೆಂದು ಎಣಿಸಿದ್ದು ನಿಜವಾಗಿ ಕ್ವಿಂಟಾಲಿಗೆ 800 ರೂಪಾಯಿಯ ನಷ್ಟವಾಗಿತ್ತು.

ಈ ಲೆಕ್ಕವನ್ನು ನಮ್ಮ ತಂದೆಯವರು ಬಹಳ ದಿನ ಒಪ್ಪಲಿಲ್ಲ. ಬ್ಯಾಂಕು ದಾಸ್ತಾನಿನ ಮೌಲ್ಯದಲ್ಲಿ ಶೇ. 25ನ್ನು ನಮ್ಮ ಪಾಲೆಂದು ಬಿಟ್ಟು 13.5 ಲಕ್ಷ ಮಾತ್ರ ಕೊಟ್ಟಿತ್ತು, ಉಳಿದ 4.5 ಲಕ್ಷ ಮನೆಯ ಹಣ. "ಅದು ನಮ್ಮ ರೊಕ್ಕ, ಅದಕ್ಯಾಕ ಬಡ್ಡಿ ಹಚ್ಚತಿ?" ಎಂದು ಅವರು ಕೇಳಿದರು. ಆ ಹಣ ಮೆಣಸಿನಕಾಯಿಯ ಚೀಲದಲ್ಲಿ ಸಿಕ್ಕಿಕೊಳ್ಳದೆ ಹೋಗಿದ್ದರೆ ಹಳೆಯ ಸಾಲವನ್ನು ಅಷ್ಟರಮಟ್ಟಿಗೆ ಇಳಿಸುತ್ತಿತ್ತು, ಆ ಸಾಲದ ಬಡ್ಡಿ ಉಳಿಯುತ್ತಿತ್ತು. ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚವೆಂದು ಕರೆಯುವುದು ಇದನ್ನೇ. ಸ್ವಂತ ಹಣಕ್ಕೆ ಬಡ್ಡಿ ಹಚ್ಚದ ಕಿರ್ದಿಯಲ್ಲಿ ದೊಡ್ಡ ದಾಸ್ತಾನು ಯಾವಾಗಲೂ ಲಾಭದಾಯಕವಾಗಿಯೇ ಕಾಣುತ್ತದೆ.

ಅದೇ ವರ್ಷದ ಇನ್ನೊಂದು ತೊಂದರೆ ನಗದಿನದು. ಮಾರ್ಚಿನಲ್ಲಿಯೇ ಸಾಲದ ಮಿತಿ ತುಂಬಿಹೋಗಿದ್ದರಿಂದ, ದಸರೆಗೆ ಮುಂಚೆ ಗದಗಿನ ಒಂದು ಅಂಗಡಿಯವರು ದುಪ್ಪಟ್ಟು ಮಾಲು ಕೇಳಿದಾಗ ಪ್ಯಾಕೆಟ್ ಮುದ್ರಿಸಲು ಮುಂಗಡ ಕೊಡಲಾಗದೆ ಅರ್ಧ ಮಾಲನ್ನಷ್ಟೇ ಕಳುಹಿಸಿದೆ. ಗೋದಾಮಿನಲ್ಲಿ ಲಕ್ಷಗಟ್ಟಲೆ ಮಾಲು ಇದ್ದೂ ಕೈಯಲ್ಲಿ ಸಾವಿರಗಳಿಲ್ಲದ ಸ್ಥಿತಿ ಅದು.

ಹಾಗೆಂದು ಸುಗ್ಗಿಯ ಖರೀದಿಯನ್ನು ತಳ್ಳಿಹಾಕುವಂತಿಲ್ಲ; ಏಕೆಂದರೆ ಬ್ಯಾಡಗಿ ಕಾಯಿಯ ಬೆಲೆ ಖಾರಕ್ಕಿಂತ ಬಣ್ಣದ್ದು. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಈ ಕಾಯಿಯಲ್ಲಿ ಗುಂಡಗಿನ, ಸುಕ್ಕುಗಟ್ಟಿದ ಡಬ್ಬಿ ಮತ್ತು ಉದ್ದನೆಯ ತೆಳ್ಳಗಿನ ಕಡ್ಡಿ ಎಂಬ ಎರಡು ಬಗೆಗಳಿದ್ದು, ನಮ್ಮ ಪುಡಿಗೆ ಆ ಗಾಢ ಕೆಂಪನ್ನು ಕೊಡುವುದು ಡಬ್ಬಿ. ಸಾದಾ ಗೋದಾಮಿನಲ್ಲಿ ಮಳೆಗಾಲ ಕಳೆಯುವಷ್ಟರಲ್ಲಿ ಮಂಕಾಗುವ ಬಣ್ಣ ಕೋಲ್ಡ್ ಸ್ಟೋರೇಜಿನಲ್ಲಿ ಬಹುಮಟ್ಟಿಗೆ ಉಳಿಯುತ್ತದೆ. ಸುಗ್ಗಿಯಲ್ಲಿ ದಲಾಲಿ ಅಂಗಡಿಯ ಮುಂದೆ ಚೀಲ ಬಿಚ್ಚಿ, ಕಾಯಿ ಮುರಿದು, ಬೀಜ ನೋಡಿ ಆರಿಸಬಹುದು. ಬ್ಯಾಡಗಿ ಪೇಟೆಗೆ ಹಾವೇರಿ ಜಿಲ್ಲೆಯಷ್ಟೇ ಅಲ್ಲ, ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದಲೂ ಮಾಲು ಬರುವುದರಿಂದ ಈ ಆರಿಸುವಿಕೆ ಸಣ್ಣ ವಿಷಯವಲ್ಲ. ತಿಂಗಳ ಖರೀದಿಯಲ್ಲಿ ಒಂದು ಹಿಡಿ ಮಾದರಿ ನೋಡಿ ಒಪ್ಪಬೇಕಾಗುತ್ತದೆ. ಎರಡನೆಯ ವರ್ಷದ ಸೆಪ್ಟೆಂಬರಿನಲ್ಲಿ ಬಂದ ಒಂದು ಕಂತು ಮಾದರಿಗಿಂತ ಎಷ್ಟು ಮಸುಕಾಗಿತ್ತೆಂದರೆ, ಅದನ್ನು ನಮ್ಮ ಮೊದಲ ದರ್ಜೆಯ ಪುಡಿಗೆ ಬಳಸಲಾಗಲಿಲ್ಲ. ಕೋಲ್ಡ್ ಸ್ಟೋರೇಜಿಗೂ ಒಂದು ಕಿರಿಕಿರಿಯಿದೆ: ಹೊರತೆಗೆದ ಕಾಯಿ ಮೆತ್ತಗಿರುತ್ತದೆ, ಒಣಗಿಸದೆ ಬೀಸುವಂತಿಲ್ಲ, ಆಷಾಢದಲ್ಲಿ ಬಿಸಿಲನ್ನು ಕಾಯಬೇಕಾಗುತ್ತದೆ.

ಎರಡನೆಯ ವರ್ಷ ಸುಗ್ಗಿಯ ಧಾರಣೆ 28,000 ಇತ್ತು. ಮೇಲಿನಂತೆಯೇ ಲೆಕ್ಕ ಹಾಕಿದರೆ ದಾಸ್ತಾನಿನ ಖರ್ಚು ಸೇರಿ 30,200 ಆಗುತ್ತಿತ್ತು. ನಾವು ತಿಂಗಳು ತಿಂಗಳು ಕೊಂಡದ್ದು ಸರಾಸರಿ 31,700ಕ್ಕೆ. ಈ ಸಲ ಸುಗ್ಗಿಯ ಖರೀದಿಯೇ ಕ್ವಿಂಟಾಲಿಗೆ 1,500 ಅಗ್ಗವಾಗುತ್ತಿತ್ತು. ಎರಡೂ ವರ್ಷ ಆರಿಸದ ಹಾದಿಯೇ ಗೆದ್ದಿತು ಎಂಬುದರಿಂದ ನಾನು ಕಲಿತದ್ದು, ಒಂದು ವರ್ಷದ ಫಲಿತಾಂಶವನ್ನು ನೋಡಿ ಮರುವರ್ಷದ ಪದ್ಧತಿಯನ್ನು ಬದಲಿಸಬಾರದು ಎಂಬುದನ್ನು.

ತಿಂಗಳ ಖರೀದಿಯಲ್ಲಿ ಎರಡು ಸೂಕ್ಷ್ಮಗಳು ಗಮನಕ್ಕೆ ಬಂದವು. ವ್ಯಾಪಾರಿಗಳು ಕೂಡಲೇ ಹಣ ಕೊಟ್ಟರೆ ಶೇ. 2 ಬಿಡುತ್ತಾರೆ, ಇಲ್ಲವಾದರೆ ಮೂವತ್ತು ದಿನದ ಉದ್ರಿ. ಉದ್ರಿಗೆ ಬಡ್ಡಿ ಇಲ್ಲವೆಂದು ತೋರಿದರೂ 98 ರೂಪಾಯಿಯನ್ನು ಒಂದು ತಿಂಗಳು ಇಟ್ಟುಕೊಳ್ಳಲು 2 ರೂಪಾಯಿ ತೆರುತ್ತೇವೆ. ವರ್ಷಕ್ಕೆ ಅದು ಶೇ. 24ನ್ನು ದಾಟುತ್ತದೆ. ಶೇ. 11ರ ಬ್ಯಾಂಕಿನ ಹಣ ತೆಗೆದು ನಗದು ಕೊಡುವುದೇ ಅಗ್ಗ. ಇನ್ನು ಒಂದು ಸಲಕ್ಕೆ ಎಷ್ಟು ಕೊಳ್ಳಬೇಕೆಂಬುದಕ್ಕೆ 1913ರಲ್ಲಿ ಅಮೆರಿಕದ ಎಂಜಿನಿಯರ್ ಫೋರ್ಡ್ ಹ್ಯಾರಿಸ್ ಕೊಟ್ಟ, ಖರೀದಿಯ ಖರ್ಚನ್ನೂ ದಾಸ್ತಾನು ಇಡುವ ಖರ್ಚನ್ನೂ ಸರಿತೂಗಿಸುವ ಸೂತ್ರ ಇಂದಿಗೂ ಉಪಯುಕ್ತ. ವರ್ಷಕ್ಕೆ 72 ಕ್ವಿಂಟಾಲ್, ಒಂದು ಖರೀದಿಯ ಓಡಾಟ ಮತ್ತು ಗಾಡಿ ಖರ್ಚು 3,000, ಒಂದು ಕ್ವಿಂಟಾಲನ್ನು ವರ್ಷವಿಡೀ ಇಡುವ ಖರ್ಚು 4,000 ಎಂದು ಹಿಡಿದರೆ, ಒಮ್ಮೆಗೆ ಹತ್ತು ಕ್ವಿಂಟಾಲಿಗೆ ತುಸು ಹೆಚ್ಚು ಬರುತ್ತದೆ. ಆರರಂತೆ ಕೊಳ್ಳುತ್ತಿದ್ದ ನಾವು ಓಡಾಟಕ್ಕೇ ಹೆಚ್ಚು ಸುರಿಯುತ್ತಿದ್ದೆವು. ಆದರೆ ಆ ಸೂತ್ರ ಬೆಲೆ ವರ್ಷವಿಡೀ ಒಂದೇ ಎಂದು ಭಾವಿಸುತ್ತದೆ. ಮೆಣಸಿನಕಾಯಿಯ ಸುಗ್ಗಿಯ ನಿರ್ಧಾರಕ್ಕೆ ಅದನ್ನು ಹಚ್ಚಲಾಗದು.

ಇವೆರಡರಲ್ಲಿ ಒಂದನ್ನೇ ಆರಿಸಬೇಕೆಂದರೆ, ಹಣದ ಬಿಗಿಯಿರುವ ಹೊಸ ಘಟಕಕ್ಕೆ ತಿಂಗಳ ಖರೀದಿಯನ್ನೇ ಹೇಳುತ್ತೇನೆ. ನಾವು ಮಾತ್ರ ಈಗ ಬಗೆಯನ್ನು ನೋಡಿ ಭಾಗ ಮಾಡಿದ್ದೇವೆ: ಬಣ್ಣಕ್ಕೆ ಬೇಕಾದ 25 ಕ್ವಿಂಟಾಲ್ ಡಬ್ಬಿಯನ್ನು ಸುಗ್ಗಿಯಲ್ಲಿ ಕೈಯಾರೆ ಆರಿಸಿ ಕೋಲ್ಡ್ ಸ್ಟೋರೇಜಿಗೆ ಹಾಕುತ್ತೇವೆ, ಉಳಿದ ಕಡ್ಡಿಯನ್ನು ಹತ್ತು ಕ್ವಿಂಟಾಲಿನ ಕಂತುಗಳಲ್ಲಿ ನಗದು ಕೊಟ್ಟು ತರುತ್ತೇವೆ. ಇದರಿಂದ ಸಾಲದ ಮಿತಿಯಲ್ಲಿ ಅರ್ಧಕ್ಕಿಂತ ಹೆಚ್ಚು ದಸರೆಯವರೆಗೆ ಖಾಲಿ ಉಳಿಯುತ್ತದೆ. ಪುಡಿಯ ದರವನ್ನು ಕೊಂಡ ಬೆಲೆಯ ಮೇಲೆ ಕಟ್ಟದೆ ಆ ವಾರದ ಬ್ಯಾಡಗಿ ಧಾರಣೆಯ ಮೇಲೆ ಕಟ್ಟುತ್ತೇವೆ, ಏಕೆಂದರೆ ಮಾರ್ಚಿನಲ್ಲಿ ಕೊಟ್ಟ ಹಣ ಆಗಲೇ ಕೈಬಿಟ್ಟದ್ದು. ಈ ಕೊನೆಯ ಬದಲಾವಣೆಗೆ ತಂದೆಯವರನ್ನು ಒಪ್ಪಿಸಲು ಒಂದಿಡೀ ಮಳೆಗಾಲ ಹಿಡಿಯಿತು. ಈಗ ಸೋಮವಾರ ಮತ್ತು ಗುರುವಾರ ಬ್ಯಾಡಗಿಗೆ ಫೋನು ಹಚ್ಚಿ ಧಾರಣೆ ಕೇಳಿ ಬರೆದಿಡುವವರು ಅವರೇ.