ಒಳಚರಂಡಿ ಇಲ್ಲದ ಊರಿನಲ್ಲಿ ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಸಿದ ಅನುಭವ: ಎರಡು ಸೇವೆಗಳ ವಿಮರ್ಶೆ

ಕೊಪ್ಪಳ ಜಿಲ್ಲೆಯ ನಮ್ಮ ಪಟ್ಟಣದಲ್ಲಿ ಒಳಚರಂಡಿ ಇಲ್ಲ. ಶೌಚಾಲಯದ ನೀರು ಆಯಾ ಮನೆಯ ಅಂಗಳದ ಕೆಳಗಿರುವ ಗುಂಡಿಗೇ ಸೇರುತ್ತದೆ; ಗುಂಡಿ ತುಂಬಿದಾಗ ಸಕ್ಕಿಂಗ್ ಯಂತ್ರದ ವಾಹನವನ್ನು ಕರೆಸಬೇಕಾಗುತ್ತದೆ. ಕಳೆದ ನಾಲ್ಕು ವರ್ಷಗಳಲ್ಲಿ ಇಂಥ ವಾಹನ ನಮ್ಮ ಮನೆಗೆ ಎರಡು ಸಲ ಬಂದಿದೆ. ಮೊದಲ ಸಲ ಬಂದದ್ದು ಖಾಸಗಿಯವರದು, ಎರಡನೆಯ ಸಲ ಬಂದದ್ದು ಸ್ಥಳೀಯ ಸಂಸ್ಥೆಯದು. ಎರಡೂ ಸಲ ಗುಂಡಿ ಬರಿದಾಯಿತು, ಎರಡೂ ಸಲ ನಾನು ಹಣ ಕೊಟ್ಟೆ. ಆದರೆ ಗುಂಡಿಯಿಂದ ತೆಗೆದದ್ದು ಕೊನೆಗೆ ಎಲ್ಲಿಗೆ ಹೋಯಿತು ಎಂಬುದನ್ನು ಗಮನಿಸಿದರೆ ಇವೆರಡನ್ನೂ ಒಂದೇ ಹೆಸರಿನಿಂದ ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ನಮ್ಮ ಟ್ಯಾಂಕ್ 7 ಅಡಿ ಉದ್ದ, 4 ಅಡಿ ಅಗಲ, 5 ಅಡಿ ಆಳವಿದೆ. ಅಂದರೆ ಸುಮಾರು 4,000 ಲೀಟರ್ ಹಿಡಿಯುತ್ತದೆ. ತಂದೆಯವರು ಮನೆ ಕಟ್ಟಿಸಿದಾಗ ಗೌಂಡಿಗೆ ಹೇಳಿ ನಡುವೆ ಗೋಡೆ ಹಾಕಿಸಿ, ಮೂರರಲ್ಲಿ ಎರಡು ಪಾಲನ್ನು ಮೊದಲ ಕೋಣೆಗೆ, ಉಳಿದ ಒಂದು ಪಾಲನ್ನು ಎರಡನೆಯದಕ್ಕೆ ಬಿಡಿಸಿದ್ದರು. ಮೊದಲ ಕೋಣೆಯಲ್ಲಿ ಭಾರವಾದದ್ದು ತಳಕ್ಕೆ ಇಳಿಯುತ್ತದೆ, ಎಣ್ಣೆ ಜಿಡ್ಡು ಮೇಲೆ ಕೆನೆಯಂತೆ ಕಟ್ಟುತ್ತದೆ, ನಡುವಿನ ತಿಳಿ ಮಾತ್ರ ಮುಂದಕ್ಕೆ ಹರಿದು ಇಂಗುಗುಂಡಿ ಸೇರುತ್ತದೆ. ತಳದ ಕೆಸರನ್ನು ಎರಡು ಮೂರು ವರ್ಷಕ್ಕೊಮ್ಮೆ ತೆಗೆಸದಿದ್ದರೆ ನೀರು ನಿಂತು ತಿಳಿಯಾಗಲು ಜಾಗವೇ ಉಳಿಯುವುದಿಲ್ಲ. ಕೆಸರು ತಿಳಿಯ ಜೊತೆಗೇ ಹೊರಟು ಇಂಗುಗುಂಡಿಯ ಬಾಯಿ ಕಟ್ಟುತ್ತದೆ. ಇದನ್ನು ತಿಳಿಯದೆ ಹನ್ನೊಂದು ವರ್ಷ ನಾವು ಅದರ ಚಪ್ಪಡಿಯನ್ನು ಎತ್ತಿಯೇ ಇರಲಿಲ್ಲ.

ಖಾಸಗಿ ವಾಹನ ಕರೆದ ದಿನವೇ, ರಾತ್ರಿ ಎಂಟರ ಸುಮಾರಿಗೆ ಬಂದಿತು. ಮಾತಾಡಿದ ದರ 2,500 ರೂಪಾಯಿ. ರಸೀದಿ ಕೊಡುವ ಪದ್ಧತಿ ಅವರಲ್ಲಿರಲಿಲ್ಲ. ಹದಿನೈದು ನಿಮಿಷದಲ್ಲಿ ಮೇಲಿನ ನೀರೆಲ್ಲ ಹೋಯಿತು, ತಳದಲ್ಲಿ ಗಟ್ಟಿಯಾಗಿದ್ದ ಕೆಸರು ಮಾತ್ರ ಪೈಪಿಗೆ ಏರಲಿಲ್ಲ. ಆಗ ಬಂದಿದ್ದ ಇಬ್ಬರು ಹುಡುಗರಲ್ಲಿ ಒಬ್ಬನು ಪ್ಯಾಂಟ್ ಮಡಚಿ, ಕೋಲಿನಿಂದ ಕಲಕಿ ಕೊಡಲು ಒಳಗೆ ಇಳಿಯಲು ಸಿದ್ಧನಾದನು. ನಾನು ತೋಳು ಹಿಡಿದು ನಿಲ್ಲಿಸಿದೆ. ಮುಚ್ಚಿದ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಮತ್ತು ಮೀಥೇನ್ ಅನಿಲಗಳು ತುಂಬಿರುತ್ತವೆ. ಕೆಸರನ್ನು ಕಲಕಿದಾಗ ಅವು ಒಮ್ಮೆಲೇ ಏಳುತ್ತವೆ, ಒಂದೆರಡು ಉಸಿರಿನಲ್ಲಿ ಮನುಷ್ಯ ಕುಸಿಯಬಹುದು, ಅವನನ್ನು ಎತ್ತಲು ಇಳಿದವನೂ ಅಲ್ಲೇ ಬೀಳಬಹುದು. ರಕ್ಷಣಾ ಸಾಧನಗಳಿಲ್ಲದೆ ಹೀಗೆ ಮನುಷ್ಯರನ್ನು ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ಮೊದಲ ತಪ್ಪಿಗೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಇಂಥ ಸಾವುಗಳಿಗೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಆ ಹುಡುಗನಿಗೆ ಇಪ್ಪತ್ತು ವರ್ಷವೂ ಆಗಿರಲಿಕ್ಕಿಲ್ಲ. ನಾನು ತಡೆದದ್ದು ಅವನಿಗೆ ಸರಿ ಕಾಣಲಿಲ್ಲ, ಕೆಲಸ ಅರ್ಧಕ್ಕೆ ನಿಂತರೆ ಮಾಲೀಕರು ಬೈಯುತ್ತಾರೆ ಎಂಬುದೇ ಅವನ ಚಿಂತೆಯಾಗಿತ್ತು. ಪೂರ್ತಿ ಹಣ ಕೊಟ್ಟು ಕಳುಹಿಸಿದೆ.

ವಾಹನ ಹೋದ ದಾರಿ ಮರುದಿನ ಬೆಳಿಗ್ಗೆ ತಿಳಿಯಿತು. ಊರ ಹೊರಗಿನ ಹಳ್ಳದ ಸೇತುವೆಯ ಬಳಿ ಹೊಲವಿರುವ ನಮ್ಮ ಪರಿಚಿತರೊಬ್ಬರು, ರಾತ್ರಿ ಟ್ಯಾಂಕರ್ ಒಂದು ಹಿಂದಕ್ಕೆ ಬಂದು ದಂಡೆಯ ಮೇಲೆ ಬಾಯಿ ಬಿಚ್ಚಿ ಹೋಯಿತೆಂದು ಹೇಳಿದರು. ಅವರು ಹೇಳಿದ ಹೊತ್ತೂ ನಮ್ಮ ಮನೆಯಿಂದ ಅದು ಹೊರಟ ಹೊತ್ತೂ ಒಂದಕ್ಕೊಂದು ಕೂಡುತ್ತಿದ್ದವು. ನನ್ನ ಮನೆಯ ಹೊಲಸನ್ನು ನನ್ನ ದುಡ್ಡಿನಲ್ಲಿಯೇ ಹಳ್ಳಕ್ಕೆ ಹಾಕಿಸಿದಂತಾಯಿತು. ನಮ್ಮ ಜಿಲ್ಲೆಯ ಜನರಿಗೆ ಹಳ್ಳವೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. 2019ರಲ್ಲಿ ಕೊಪ್ಪಳ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು ಮುಂದೆ ನಿಂತು ಹಿರೇಹಳ್ಳವನ್ನು ಸ್ವಚ್ಛಗೊಳಿಸುವ ಕೆಲಸ ಆರಂಭಿಸಿದಾಗ ಊರೂರಿನ ಜನರು ಕೈಜೋಡಿಸಿದ್ದರು. ಹಗಲು ಎಲ್ಲರ ಕಣ್ಣೆದುರು ಹಳ್ಳದ ಹೂಳೆತ್ತಿದ ಜಿಲ್ಲೆಯಲ್ಲಿಯೇ ರಾತ್ರಿ ಇನ್ನೊಂದು ಹಳ್ಳಕ್ಕೆ ಮಲ ಸುರಿಯುವುದನ್ನು ಕಂಡು ನನಗೆ ಬಹಳ ನೋವಾಯಿತು.

ಒಳಚರಂಡಿ ಬೇಕೇ ಬೇಡವೇ ಎಂಬ ಚರ್ಚೆ ನಮ್ಮಲ್ಲಿ ಬಹುಕಾಲದಿಂದ ನಡೆದಿದೆ. ಬೇಡವೆನ್ನುವವರ ಮಾತಿನಲ್ಲಿಯೂ ಹುರುಳಿದೆ ಎಂದು ನಾನು ನಂಬುತ್ತೇನೆ. ಒಳಚರಂಡಿಯ ಕೊಳವೆ ಕಟ್ಟಿಕೊಳ್ಳದೆ ಇರಬೇಕಾದರೆ ಅದರಲ್ಲಿ ನೀರು ಸಾಕಷ್ಟು ವೇಗವಾಗಿ ಹರಿಯುತ್ತಿರಬೇಕು. ಅದಕ್ಕಾಗಿಯೇ ಒಳಚರಂಡಿ ಇರುವ ಪಟ್ಟಣಗಳಿಗೆ ತಲಾ ದಿನಕ್ಕೆ 135 ಲೀಟರ್ ನೀರು ಕೊಡಬೇಕೆಂಬ ಅಳತೆಯನ್ನು ಇಟ್ಟುಕೊಂಡು ಎಂಜಿನಿಯರುಗಳು ಲೆಕ್ಕ ಹಾಕುತ್ತಾರೆ. ನಲ್ಲಿಯಲ್ಲಿ ಐದಾರು ದಿನಕ್ಕೊಮ್ಮೆ ನೀರು ಬಂದು, ಕೊಡ ಬಕೆಟ್ಟುಗಳಲ್ಲಿ ಅಳೆದು ಬಳಸುವ ಓಣಿಗಳಲ್ಲಿ ಆ ಹರಿವು ಎಲ್ಲಿಂದ ಬರಬೇಕು? ಕೊಳವೆಯ ಕೊನೆಯಲ್ಲಿ ಶುದ್ಧೀಕರಣ ಘಟಕ ಬೇಕು, ತಗ್ಗಿನಿಂದ ನೀರೆತ್ತಲು ಪಂಪು ಬೇಕು, ಪಂಪಿಗೆ ತಪ್ಪದೆ ವಿದ್ಯುತ್ ಬೇಕು. ಇವುಗಳಲ್ಲಿ ಒಂದು ನಿಂತರೂ ಮ್ಯಾನ್‌ಹೋಲ್ ಉಕ್ಕುತ್ತದೆ. ಆದುದರಿಂದ ಒಳಚರಂಡಿಯಿಲ್ಲದೆ ಬದುಕಲು ಒಂದು ಸಣ್ಣ ಊರು ತೀರ್ಮಾನಿಸಿದರೆ ಅದು ಹಿಂದುಳಿದಂತೆ ಆಗುವುದಿಲ್ಲ. ಆದರೆ ಹಾಗೆ ತೀರ್ಮಾನಿಸಿದ ಊರು ಪ್ರತಿಯೊಂದು ಗುಂಡಿಯ ಲೆಕ್ಕ ಇಡಬೇಕು, ಕಾಲಕಾಲಕ್ಕೆ ಅದನ್ನು ಬಳಿಸಬೇಕು, ಬಳಿದದ್ದನ್ನು ಶುದ್ಧಮಾಡಬೇಕು. ನಮ್ಮಲ್ಲಿ ಬಹುಕಾಲ ಕೊಳವೆಯೂ ಬರಲಿಲ್ಲ, ಲೆಕ್ಕವೂ ಇರಲಿಲ್ಲ.

ಈ ವಿಷಯದಲ್ಲಿ ನನಗೆ ಎಚ್ಚರಿಕೆಯಾಗಿ ಕಂಡದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಲಾಸ್ ಓಸೊಸ್ ಎಂಬ ಸಣ್ಣ ಊರಿನ ಕಥೆ. ಸಮುದ್ರದಂಚಿನ ಆ ಊರಿಗೆ ಅಂತರ್ಜಲ ಬಿಟ್ಟರೆ ಬೇರೆ ಕುಡಿಯುವ ನೀರಿಲ್ಲ, ಅಲ್ಲಿಯ ಮನೆಗಳದ್ದೆಲ್ಲ ನಮ್ಮಂತೆಯೇ ಸೆಪ್ಟಿಕ್ ಟ್ಯಾಂಕ್. ಗುಂಡಿಗಳಿಂದ ಇಂಗಿದ ನೀರು ಅಂತರ್ಜಲಕ್ಕೆ ನೈಟ್ರೇಟ್ ಸೇರಿಸುತ್ತಿದೆ ಎಂದು ಅಲ್ಲಿಯ ನೀರು ಗುಣಮಟ್ಟ ಮಂಡಳಿ 1983ರಲ್ಲಿ ನಿರ್ಬಂಧ ಹೇರಿತು, 1988ರಲ್ಲಿ ಹೊಸ ಮನೆ ಕಟ್ಟುವುದೇ ನಿಂತಿತು. ಮುಂದೆ ಯೋಜನೆಯ ಮೇಲೆ ಯೋಜನೆ, ಜಗಳದ ಮೇಲೆ ಜಗಳ. 2005ರಲ್ಲಿ ಆಗಷ್ಟೇ ಶುರುವಾಗಿದ್ದ ಕಾಮಗಾರಿಯನ್ನು ವಿರೋಧಿಸಿದವರು ಚುನಾಯಿತ ಸದಸ್ಯರಲ್ಲಿ ಮೂವರನ್ನು ಮತ ಹಾಕಿ ಕೆಳಗಿಳಿಸಿ ಕೆಲಸ ನಿಲ್ಲಿಸಿದರು. ಮರುವರ್ಷ ಆ ಸ್ಥಳೀಯ ಸಂಸ್ಥೆ ದಿವಾಳಿಯಾಯಿತು. ಕೊನೆಗೆ ಸುಮಾರು 18 ಕೋಟಿ ಡಾಲರ್ ವೆಚ್ಚದ ಒಳಚರಂಡಿ 2016ರಲ್ಲಿ ಕೆಲಸ ಆರಂಭಿಸಿತು. ಬೇಡವೆಂದವರೂ ಬೇಕೆಂದವರೂ ವಾದಿಸುತ್ತಿದ್ದ ಆ ಮೂವತ್ತಮೂರು ವರ್ಷ ಗುಂಡಿಗಳು ಇಂಗುತ್ತಲೇ ಇದ್ದವು. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಕಾಟ ಮೊದಲೇ ಇದೆ. ಅದರ ಮೇಲೆ ನೈಟ್ರೇಟ್ ಕೂಡ ಸೇರಿ, ಕುಡಿಯುವ ನೀರಿನ ಭಾರತೀಯ ಮಾನದಂಡದ ಮಿತಿಯಾದ ಲೀಟರಿಗೆ 45 ಮಿಲಿಗ್ರಾಂ ದಾಟಿದರೆ, ಬಾಟಲಿ ಹಾಲು ಕುಡಿಯುವ ಹಸುಗೂಸುಗಳಿಗೆ ಅದು ಅಪಾಯ. ಕುದಿಸಿದರೂ ನೈಟ್ರೇಟ್ ಹೋಗುವುದಿಲ್ಲ.

ಎರಡನೆಯ ಸೇವೆಯನ್ನು ಬಳಸಿದ್ದು ಕಳೆದ ಚಳಿಗಾಲದಲ್ಲಿ. ಅಷ್ಟರಲ್ಲಿ ನಮ್ಮ ಸ್ಥಳೀಯ ಸಂಸ್ಥೆ ತನ್ನದೇ ವಾಹನ ತಂದಿತ್ತು, ಕಸ ವಿಲೇವಾರಿ ಜಾಗದ ಒಂದು ಮೂಲೆಯಲ್ಲಿ ಕೆಸರು ಒಣಗಿಸುವ ಹಾಸುಗಳನ್ನೂ ಕಟ್ಟಿಸಿತ್ತು. ಅರ್ಜಿ ಬರೆದು, 1,800 ರೂಪಾಯಿ ಕಟ್ಟಿ, ರಸೀದಿ ಪಡೆದ ಒಂಬತ್ತನೆಯ ದಿನ ವಾಹನ ಬಂದಿತು. ಬಂದವರು ಗಮ್‌ಬೂಟು, ಕೈಗವಸು ತೊಟ್ಟಿದ್ದರು. ಚಪ್ಪಡಿ ಸರಿಸಿ, ಅರ್ಧ ಗಂಟೆ ಗುಂಡಿಗೆ ಗಾಳಿಯಾಡಲು ಬಿಟ್ಟು, ಅಲ್ಲಿಯವರೆಗೆ ಯಾರನ್ನೂ ಹತ್ತಿರ ಬೀಡಿ ಸೇದಲು ಬಿಡಲಿಲ್ಲ. ತಳ ಗಟ್ಟಿಯಾಗಿದ್ದುದರಿಂದ ಮೊದಲು ಪೈಪಿನಿಂದ ಒತ್ತಡದ ನೀರು ಹಾಯಿಸಿ ಕೆಸರನ್ನು ಸಡಿಲ ಮಾಡಿ, ಆಮೇಲೆ ಎಳೆದರು. ಹಿಂದಿನ ಸಲ ಆದದ್ದನ್ನು ಹೇಳಿದಾಗ ಚಾಲಕರು, "ಮ್ಯಾಗಿನ ನೀರಷ್ಟ ತಗದ್ರ ಏನೂ ಉಪಯೋಗಿಲ್ರಿ ಸರ, ತಳದಾಗಿನ ರಾಡಿ ಬರಬೇಕು" ಎಂದರು. ಪೂರ್ತಿ ತೊಳೆದು ಬಿಡಿ ಎಂದು ನಮ್ಮ ತಾಯಿಯವರು ಕೇಳಿದಾಗ ಬೇಡವೆಂದು, ತಳದಲ್ಲಿ ಸ್ವಲ್ಪ ಕೆಸರನ್ನು ಬಿಟ್ಟರು. ಮೊಸರಿಗೆ ಹೆಪ್ಪು ಬೇಕಾಗುವಂತೆ, ಹೊಸದಾಗಿ ಬರುವ ಮಲ ಕೊಳೆಯಲು ಹಳೆಯ ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ಬೇಕು. ಇದನ್ನು ಒಬ್ಬ ವಾಹನ ಚಾಲಕರು ಅಡುಗೆಮನೆಯ ಮಾತಿನಲ್ಲಿಯೇ ಅಮ್ಮನಿಗೆ ತಿಳಿಸಿಕೊಟ್ಟದ್ದು ನನಗೆ ಈ ಸೇವೆಯಲ್ಲಿ ಬಹಳ ಮೆಚ್ಚುಗೆಯಾದ ಸಂಗತಿ.

ಹಳ್ಳದ ನೆನಪು ಹೋಗಿರಲಿಲ್ಲವಾದ್ದರಿಂದ ಅವರ ಒಪ್ಪಿಗೆ ಕೇಳಿ ಬೈಕಿನಲ್ಲಿ ವಾಹನದ ಹಿಂದೆಯೇ ಹೋದೆ. ಮರಳು ಮತ್ತು ಜಲ್ಲಿಯ ಹಾಸಿನ ಮೇಲೆ ಕೆಸರನ್ನು ಹರಡಿದರು. ಅದರ ನೀರು ಕೆಳಕ್ಕೆ ಬಸಿದು, ಜೊಂಡು ನೆಟ್ಟ ಜಲ್ಲಿಯ ತೊಟ್ಟಿಯೊಂದರಲ್ಲಿ ಹಾದು ಹೋಗುತ್ತದೆ. ಮೇಲೆ ಉಳಿದದ್ದು ನಮ್ಮ ಬಿಸಿಲಿಗೆ ಬೇಗನೆ ಒಣಗುತ್ತದೆ. ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾದ ಮಲ ತ್ಯಾಜ್ಯ ಸಂಸ್ಕರಣಾ ಘಟಕವೂ ಇದೇ ಬಗೆಯದು. ದಿನಕ್ಕೆ 6,000 ಲೀಟರ್ ಕೆಸರಿಗಾಗಿ ಕಟ್ಟಿದ ಆ ಘಟಕದಲ್ಲಿ ಇಳಿಜಾರನ್ನೇ ಬಳಸಿ ನೀರು ಹರಿಸುತ್ತಾರೆ, ಒಣಗಿದ್ದನ್ನು ಊರಿನ ಹಸಿಕಸದೊಂದಿಗೆ ಕೊಳೆಸಿ ಗೊಬ್ಬರ ಮಾಡುತ್ತಾರೆ. ದೇಶದಲ್ಲಿ ಪಟ್ಟಣದ ಮಟ್ಟದಲ್ಲಿ ಇಂಥದ್ದನ್ನು ಮೊದಲು ಮಾಡಿ ತೋರಿಸಿದ ಊರುಗಳಲ್ಲಿ ನಮ್ಮ ರಾಜ್ಯದ ದೇವನಹಳ್ಳಿ ಸೇರಿದೆ ಎಂಬುದು ಹೆಮ್ಮೆಯ ವಿಷಯ. ಬಿಸಿಲಿನ ವಿಷಯದಲ್ಲಂತೂ ರಾಯಚೂರು, ಕೊಪ್ಪಳ, ಬಳ್ಳಾರಿಗಳಿಗೆ ದೇವನಹಳ್ಳಿಗಿಂತ ಹೆಚ್ಚಿನ ಅನುಕೂಲವಿದೆ.

ಈ ಸೇವೆಯಲ್ಲಿ ಕೊರತೆಗಳಿಲ್ಲವೆಂದಲ್ಲ. ಗುಂಡಿ ಉಕ್ಕುತ್ತಿರುವ ಮನೆಗೆ ಒಂಬತ್ತು ದಿನ ಕಾಯುವುದು ಬಹಳ ಕಷ್ಟ. ಖಾಸಗಿಯವರು ಕರೆದ ದಿನವೇ ಬರುವುದರಿಂದಲೇ ಅವರ ವ್ಯಾಪಾರ ನಡೆದಿದೆ. ಹಳೆಯ ಊರಿನ ಸಂದಿಗಳಿಗೆ ವಾಹನ ಹೋಗುವುದಿಲ್ಲ, ಪೈಪೂ ಮುಟ್ಟುವುದಿಲ್ಲ. ದೊಡ್ಡ ಟ್ಯಾಂಕಿನವರಿಗೂ ಮೂರು ಸಿಮೆಂಟ್ ರಿಂಗ್ ಇಳಿಸಿಕೊಂಡ ಕೂಲಿಕಾರರ ಮನೆಗೂ ಒಂದೇ ದರ ಇಟ್ಟದ್ದು ನನಗೆ ನ್ಯಾಯವೆನಿಸಲಿಲ್ಲ. ಬಚ್ಚಲು ನೀರಿನ ಮಾತಂತೂ ಇದರಲ್ಲಿ ಬರುವುದೇ ಇಲ್ಲ, ಅದು ಈಗಲೂ ತೆರೆದ ಗಟಾರದಲ್ಲಿಯೇ ಹರಿಯುತ್ತದೆ.

ಎರೆಭೂಮಿಯಲ್ಲಿ ಮನೆ ಇರುವವರ ಕಷ್ಟವೇ ಬೇರೆ. ನಮ್ಮದು ಮಸಾರಿ ನೆಲ, ಕೆಳಗೆ ಗರಸು ಸಿಗುವುದರಿಂದ ಇಂಗುಗುಂಡಿ ನೀರು ಕುಡಿಯುತ್ತದೆ. ಊರಿನ ಇನ್ನೊಂದು ದಿಕ್ಕಿನಲ್ಲಿ ಎರೆಯ ಮೇಲೆ ಮನೆ ಕಟ್ಟಿದ ನನ್ನ ಅಕ್ಕನ ಮನೆಯಲ್ಲಿ ಮಳೆಗಾಲ ಬಂದರೆ ಮಣ್ಣು ಉಬ್ಬಿ ಒಂದು ಹನಿಯನ್ನೂ ಒಳಗೆ ಬಿಡುವುದಿಲ್ಲ, ಬೇಸಿಗೆಯಲ್ಲಿ ಬಿರಿದು ಟ್ಯಾಂಕಿನ ಗೋಡೆಯನ್ನೇ ಎಳೆಯುತ್ತದೆ. ಆರು ತಿಂಗಳಿಗೊಮ್ಮೆ ವಾಹನ ಕರೆಸುವ ಅವರಂಥವರಿಗೆ ಒಂದೊಂದು ಮನೆಯ ಟ್ಯಾಂಕಿಗಿಂತ, ಹತ್ತಿಪ್ಪತ್ತು ಮನೆಗಳ ತಿಳಿನೀರನ್ನು ಸಣ್ಣ ಕೊಳವೆಯಲ್ಲಿ ಕೂಡಿಸಿ ಒಂದೆಡೆ ಶುದ್ಧಮಾಡುವ ವ್ಯವಸ್ಥೆ ಒಗ್ಗುತ್ತದೆ. ಕೆಸರು ಟ್ಯಾಂಕಿನಲ್ಲಿಯೇ ಉಳಿಯುವುದರಿಂದ ಅಂಥ ಕೊಳವೆ ಕಡಿಮೆ ನೀರಿನಲ್ಲಿಯೂ ಕಟ್ಟಿಕೊಳ್ಳುವುದಿಲ್ಲ. ಇದನ್ನು ನಾನು ಅರ್ಜಿಯಲ್ಲಿ ಬರೆದು ಕೊಟ್ಟಿದ್ದೇನೆ.

ವಾಹನ ಕರೆಸುವವರು ಮೊದಲೇ ಚಪ್ಪಡಿಯ ಜಾಗವನ್ನು ಗುರುತಿಸಿ ಇಡುವುದು ಒಳ್ಳೆಯದು. ನಮ್ಮ ಪಕ್ಕದ ಮನೆಯವರು ಅದರ ಮೇಲೆ ಟೈಲ್ಸ್ ಹಾಕಿಸಿದ್ದರಿಂದ ಒಡೆಯುವುದಕ್ಕೇ ಅರ್ಧ ದಿನ ಹಿಡಿಯಿತು. ರಸೀದಿಯನ್ನು ಕೇಳಿ ಪಡೆಯಬೇಕು, ಕೆಸರು ಎಲ್ಲಿಗೆ ಹೋಗುತ್ತದೆ ಎಂದು ಕೇಳಲು ಹಿಂಜರಿಯಬಾರದು, ಯಾರೇ ಆಗಲಿ ಗುಂಡಿಗೆ ಇಳಿಯಲು ಹೊರಟರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಬೇಕು. ನಮ್ಮ ರಸೀದಿಯ ಹಿಂದೆ ಚಾಲಕರು ಪೆನ್ನಿನಲ್ಲಿ ದಿನಾಂಕವನ್ನೂ, ತೆಗೆದ ಕೆಸರಿನ ಅಂದಾಜನ್ನೂ ಬರೆದುಕೊಟ್ಟಿದ್ದಾರೆ. ಅದನ್ನು ವಿದ್ಯುತ್ ಬಿಲ್ಲುಗಳ ಜೊತೆ ಇಟ್ಟಿದ್ದೇನೆ. ಎರಡು ವರ್ಷ ತುಂಬುವ ತಿಂಗಳಿಗೆ, ಗುಂಡಿ ಉಕ್ಕುವ ಮೊದಲೇ, ಮತ್ತೆ ಅರ್ಜಿ ಕೊಡುತ್ತೇನೆ.