ಬೇಸ್ ಗಿಟಾರ್‌ಗೆ ಪ್ರಿಆಂಪ್ ಹಾಕಿಸುವ ಮೊದಲು ಒಮ್ಮೆ ಓದಿ

ಮಂಗಳೂರು, ಉಡುಪಿ ಕಡೆ ಬೇಸ್ ಗಿಟಾರ್ ನುಡಿಸುವವರು ದಯವಿಟ್ಟು ಓದಿ. ಮುಖ್ಯವಾಗಿ ಹಳೆಯ ಪ್ಯಾಸಿವ್ (ಬ್ಯಾಟರಿ ಇಲ್ಲದ) ಗಿಟಾರನ್ನು ಆ್ಯಕ್ಟಿವ್ ಮಾಡಿಸಬೇಕು, ಅಂದರೆ ಒಳಗೆ ಪ್ರಿಆಂಪ್ (ಸಿಗ್ನಲ್ ಬಲಪಡಿಸುವ, ಬ್ಯಾಟರಿಯಿಂದ ನಡೆಯುವ ಸರ್ಕ್ಯೂಟ್) ಹಾಕಿಸಬೇಕು ಅಂತಿರುವವರು. ಸರ್ಕ್ಯೂಟ್ ಕೆಟ್ಟರೆ ಬದಲಾಯಿಸಬಹುದು. ಮರ ಕೊರೆದರೆ ಮುಗಿಯಿತು.

ನನ್ನದು ಜಾಝ್ ಬೇಸ್ ಮಾದರಿಯ ನಾಲ್ಕು ತಂತಿಯ ಗಿಟಾರ್. ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಎರಡು ಪಿಕಪ್, ಎರಡು ವಾಲ್ಯೂಮ್ ಗುಬ್ಬಿ, ಒಂದು ಟೋನ್ ಗುಬ್ಬಿ. ಬ್ಯಾಟರಿಯ ಗೊಡವೆಯೇ ಇಲ್ಲ. ರೋಸ್ (ಕ್ರೈಸ್ತರ ಮದುವೆಯ ಹಿಂದಿನ ದಿನದ ಶಾಸ್ತ್ರ), ಮದುವೆ ರಿಸೆಪ್ಷನ್‌ಗಳಲ್ಲಿ ಬ್ಯಾಂಡ್ ಜತೆ ನುಡಿಸುತ್ತೇನೆ. ದೊಡ್ಡ ಹಾಲ್‌ಗಳಲ್ಲಿ ಬೈಲಾ ಕುಣಿತದ ಹಾಡು ಶುರುವಾದರೆ ಕೆಳಗಿನ ಇ ತಂತಿ ಕೇಳುತ್ತಲೇ ಇರಲಿಲ್ಲ. ನಗರದ ಒಂದು ರಿಪೇರಿ ಅಂಗಡಿಯಲ್ಲಿ ಇದನ್ನು ಹೇಳಿದೆ. "ಆ್ಯಕ್ಟಿವ್ ಮಾಡಿ ಬಿಡುವ, ಆಮೇಲೆ ನೋಡಿ ಹೇಗೆ ಬರ್ತದೆ" ಅಂದರು. ಹೆಸರಾಂತ ಅಮೆರಿಕನ್ ಕಂಪನಿಯ ಪ್ರಿಆಂಪ್, ಎರಡು ಬ್ಯಾಟರಿ, 18 ವೋಲ್ಟ್ ಅಂತ ಮಾತಾಯಿತು. ದುಡ್ಡು ಪೂರ್ತಿ ಮೊದಲೇ ತೆಗೆದುಕೊಂಡರು.

ಗಿಟಾರ್ ಕೈಗೆ ಬಂದಾಗ ಅಂಗಡಿಯ ಸಣ್ಣ ಆಂಪ್‌ನಲ್ಲಿ ಭರ್ಜರಿಯಾಗಿಯೇ ಕೇಳಿತು. ತುಂಬ ಜನ ಮೋಸ ಹೋಗುವುದು ಇಲ್ಲೇ. ಪ್ರಿಆಂಪ್ ಸೇರಿದ ಕೂಡಲೇ ಸಿಗ್ನಲ್ ಜಾಸ್ತಿಯಾಗುತ್ತದೆ. ಜೋರಾಗಿ ಕೇಳಿದ್ದೆಲ್ಲ ಕಿವಿಗೆ ಚಂದ ಅನ್ನಿಸುತ್ತದೆ. ಆಂಪ್‌ನ ವಾಲ್ಯೂಮ್ ಇಳಿಸಿ, ಮೊದಲಿನಷ್ಟೇ ಜೋರಿನಲ್ಲಿ ಹೋಲಿಸಿದರೆ ಮಾತ್ರ ನಿಜ ಗೊತ್ತಾಗುವುದು.

ಸ್ವಲ್ಪ ದಿನದಲ್ಲೇ ಒಂದು ರಿಸೆಪ್ಷನ್. ಶುರುವಿನಿಂದಲೂ ಗುಂಯ್ ಅನ್ನುವ ಶಬ್ದ. ಸೌಂಡ್‌ನವರು ಕೇಬಲ್ ಬದಲಾಯಿಸಿದರು, ಡಿಐ ಬಾಕ್ಸ್ (ಗಿಟಾರನ್ನು ಮಿಕ್ಸರ್‌ಗೆ ಜೋಡಿಸುವ ಡಬ್ಬಿ) ಬದಲಾಯಿಸಿದರು. ಏನೂ ಆಗಲಿಲ್ಲ. ಗ್ರ್ಯಾಂಡ್ ಮಾರ್ಚ್ ನಡುವೆ ಸ್ವರ ಒಡೆಯಲು ಶುರುವಾಯಿತು. ಆಮೇಲೆ ಗಿಟಾರ್ ಪೂರ್ತಿ ಸತ್ತು ಹೋಯಿತು. ಪ್ಯಾಸಿವ್‌ಗೆ ಹೊರಳಿಸೋಣ ಅಂದರೆ ಆ ಸ್ವಿಚ್ಚನ್ನೇ ಅವರು ಹಾಕಿರಲಿಲ್ಲ. ಮದುಮಕ್ಕಳು ಹಾಲ್ ನಡುವೆ ನಿಂತಿದ್ದಾರೆ, ನನ್ನ ಕೈಯಲ್ಲಿ ಬರೀ ಮರದ ತುಂಡು. ಆ ಸಂಕಟ ಯಾರಿಗೂ ಬೇಡ.

ಆಮೇಲೆ ಉಡುಪಿಯ ಪರಿಚಯದ ಟೆಕ್ನಿಶಿಯನ್ ಒಬ್ಬರ ಹತ್ತಿರ ತೆಗೆದುಕೊಂಡು ಹೋದೆ. ಅವರು ಪ್ಲೇಟ್ ಬಿಚ್ಚಿದ ಕೂಡಲೇ ಒಳಗಿಂದ ಮರದ ಪುಡಿ ಉದುರಿತು. ಎರಡು ಬ್ಯಾಟರಿ ತುರುಕಲು ಉಳಿಯಲ್ಲಿ ಕಂಡಾಬಟ್ಟೆ ಕೊರೆದಿದ್ದರು. ಒಂದು ಮೂಲೆಯಲ್ಲಿ ಮರ ಕಾಗದದಷ್ಟು ತೆಳುವಾಗಿತ್ತು. ಸರ್ಕ್ಯೂಟ್ ಬೋರ್ಡ್ ಮೇಲೆ ಯಾವ ಕಂಪನಿಯ ಹೆಸರೂ ಇಲ್ಲ.

ಪಾಟ್‌ಗಳ (ವಾಲ್ಯೂಮ್, ಟೋನ್ ಗುಬ್ಬಿಗಳ ಅಡಿಯ ಭಾಗ) ಬೆನ್ನ ಮೇಲೆ "ಬಿ25ಕೆ" ಅಂತ ಅಚ್ಚಾಗಿತ್ತು. ಅಂದರೆ 25 ಕಿಲೋ ಓಮ್. ಇದು ಆ್ಯಕ್ಟಿವ್ ಪಿಕಪ್‌ಗಳಿಗೆ ಹಾಕುವ ಪಾಟ್. ನನ್ನ ಪಿಕಪ್‌ಗಳು ಪ್ಯಾಸಿವ್. ಇಂಥ ಸಿಂಗಲ್ ಕಾಯಿಲ್ ಪಿಕಪ್‌ಗೆ ಸಾಮಾನ್ಯವಾಗಿ ಹಾಕುವುದು 250 ಕಿಲೋ ಓಮ್. ಪಿಕಪ್‌ನಿಂದ ನೇರ 25ರ ಪಾಟ್‌ಗೆ ಕೊಟ್ಟರೆ ಸಿಗ್ನಲ್ ಅಲ್ಲೇ ಸೋರಿ ಹೋಗುತ್ತದೆ. ಮೇಲಿನ ಸ್ವರಗಳ ಹೊಳಪು ಹೋಗಿ ಎಲ್ಲ ಮಂಕಾಗುತ್ತದೆ. ಆ ಮಂಕನ್ನು ಮುಚ್ಚಲು ಟ್ರೆಬಲ್ ಏರಿಸಬೇಕು, ಏರಿಸಿದರೆ ಹಿಸ್ ಶಬ್ದ.

18 ವೋಲ್ಟ್ ಅಂದಿದ್ದರಲ್ಲ, ಅದೂ ಸುಳ್ಳು. ಎರಡು 9 ವೋಲ್ಟ್ ಬ್ಯಾಟರಿಗಳನ್ನು ಒಂದರ ಹಿಂದೆ ಒಂದು, ಸೀರೀಸ್‌ನಲ್ಲಿ ಜೋಡಿಸಿದರೆ 18 ಬರುತ್ತದೆ. ಇವರು ಜೋಡಿಸಿದ್ದು ಪ್ಯಾರಲಲ್. ಹೊಸ ಬ್ಯಾಟರಿ ಹಾಕಿ ಅಳೆದರೂ ಮೀಟರ್ 9ರ ಹತ್ತಿರವೇ ನಿಂತಿತು. ಅಸಲಿಗೆ 18 ವೋಲ್ಟ್‌ನಿಂದ ಶಬ್ದ ಜೋರಾಗುವುದಿಲ್ಲ. ತಂತಿಯನ್ನು ಜೋರಾಗಿ ಎಳೆದಾಗ, ಬೇಸ್ ಬೂಸ್ಟ್ ಜಾಸ್ತಿ ಇಟ್ಟಾಗ ಸ್ವರ ಒಡೆಯುವುದು ಕಡಿಮೆಯಾಗುತ್ತದೆ, ಅಷ್ಟೆ. ಕೆಲವು ಪ್ರಿಆಂಪ್‌ಗಳು 18 ತಡೆದುಕೊಳ್ಳುವುದೂ ಇಲ್ಲ.

ಗಿಟಾರ್ ಸತ್ತದ್ದು ಬ್ಯಾಟರಿ ಖಾಲಿಯಾಗಿ, ಅದಕ್ಕೆ ಕಾರಣ ಕೇಬಲ್ ಚುಚ್ಚುವ ಜಾಕ್. ಆ್ಯಕ್ಟಿವ್ ಗಿಟಾರ್‌ಗೆ ಸ್ಟೀರಿಯೋ ಜಾಕ್ ಹಾಕಿ, ಬ್ಯಾಟರಿಯ ಕಪ್ಪು ವೈರನ್ನು ಅದರ ನಡುವಿನ ಕಾಲಿಗೆ, ಅಂದರೆ ರಿಂಗ್‌ಗೆ ಬೆಸುಗೆ ಹಾಕಬೇಕು. ಆಗ ಕೇಬಲ್ ಚುಚ್ಚಿದಾಗ ಮಾತ್ರ ಪ್ರಿಆಂಪ್ ಆನ್ ಆಗುತ್ತದೆ. ಇವರು ಆ ವೈರನ್ನು ನೇರ ಅರ್ತ್‌ಗೆ ಕೊಟ್ಟಿದ್ದರು. ಹಗಲು ರಾತ್ರಿ ಬ್ಯಾಟರಿ ಖಾಲಿಯಾಗುತ್ತಲೇ ಇತ್ತು. ಒಳ್ಳೆಯ 9 ವೋಲ್ಟ್ ಆಲ್ಕಲೈನ್ ಬ್ಯಾಟರಿಯಲ್ಲಿ ಸುಮಾರು 500 ಮಿಲಿಆಂಪ್ ಅವರ್ ಇರುತ್ತದೆ. 1 ಮಿಲಿಆಂಪ್ ಎಳೆಯುವ ಪ್ರಿಆಂಪ್ ಅದರಲ್ಲಿ 500 ಗಂಟೆ ನಡೆಯಬೇಕು. ವಾರಕ್ಕೊಮ್ಮೆ ನುಡಿಸುವವರಿಗೆ ಅದು ವರ್ಷಗಟ್ಟಲೆ ಸಾಕು.

ಗುಂಯ್ ಶಬ್ದಕ್ಕೆ ಕಾರಣ ಇನ್ನೊಂದು. ಬ್ರಿಡ್ಜ್‌ಗೆ (ತಂತಿಗಳ ತುದಿ ಕೂರುವ ಲೋಹದ ಭಾಗಕ್ಕೆ) ಹೋಗುವ ಅರ್ತಿಂಗ್ ವೈರನ್ನು ಕತ್ತರಿಸಿ ಹಾಗೇ ಬಿಟ್ಟಿದ್ದರು.

ಅಂಗಡಿಗೆ ವಾಪಸ್ ಹೋಗಿ ಕೇಳಿದೆ. "ಕರಾವಳಿಯ ಹವೆಗೆ ಹೀಗೇ ಆಗ್ತದೆ" ಅಂದರು. ಉಪ್ಪು ಗಾಳಿಗೆ ಬ್ಯಾಟರಿ ಕ್ಲಿಪ್ ಹಸಿರಾಗುವುದು, ಪಾಟ್ ಗರಗರ ಅನ್ನುವುದು ಇಲ್ಲಿ ಇದ್ದದ್ದೇ. ಆದರೆ ಹವೆ ವೈರ್ ಕತ್ತರಿಸುವುದಿಲ್ಲ, ಅಲ್ವಾ? ನನ್ನ ಹಳೆಯ ಪಾಟ್‌ಗಳು, ಕೆಪಾಸಿಟರ್, ಜಾಕ್ ಎಲ್ಲ ವಾಪಸ್ ಕೊಡಿ ಅಂದೆ. "ಅದೆಲ್ಲ ಗುಜರಿಗೆ ಹೋಯ್ತು" ಎಂಬ ಉತ್ತರ ಬಂತು. ನನಗೆ ಹೆಚ್ಚು ಸಿಟ್ಟು ಬಂದದ್ದು ಇದಕ್ಕೇ. ನನ್ನ ವಸ್ತುವನ್ನು ನನ್ನನ್ನು ಕೇಳದೆ ಎಸೆಯಲು ಇವರು ಯಾರು?

ಆ್ಯಕ್ಟಿವ್ ಕೆಟ್ಟದ್ದು ಅಂತ ಅಲ್ಲ. ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ 1976ರಲ್ಲೇ ಒಳಗೆ ಪ್ರಿಆಂಪ್ ಇಟ್ಟುಕೊಂಡು ಬಂತು, ಈಗಲೂ ಜನ ಅದನ್ನು ಹುಡುಕುತ್ತಾರೆ. ಉದ್ದ ಕೇಬಲ್ ಹಾಕಿದಾಗ ಪ್ಯಾಸಿವ್ ಗಿಟಾರ್‌ನ ಟ್ರೆಬಲ್ ಕಡಿಮೆಯಾಗುತ್ತದೆ, ಆ ತೊಂದರೆ ಆ್ಯಕ್ಟಿವ್‌ಗೆ ಕಡಿಮೆ. ಆದರೆ ನಿಮ್ಮ ತೊಂದರೆ ಅದೇನಾ ಅಂತ ಮೊದಲು ನೋಡಬೇಕು. ಇ ತಂತಿಯ ಮೂಲ ಸ್ವರ ಸುಮಾರು 41 ಹರ್ಟ್ಸ್. ಸಬ್‌ವೂಫರ್ ಇಲ್ಲದ ಹಾಲ್‌ನಲ್ಲಿ ಯಾವ ಪ್ರಿಆಂಪ್ ಹಾಕಿದರೂ ಅದು ಸರಿಯಾಗಿ ಕೇಳುವುದಿಲ್ಲ. ಮೊದಲು ಹೊಸ ತಂತಿ ಹಾಕಿ. ಪಿಕಪ್ ಎತ್ತರ ಸರಿ ಮಾಡಿ. ಪಾಟ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಸಿ. ಆಮೇಲೂ ಬೇಕೆನಿಸಿದರೆ ಕಾಲ ಕೆಳಗೆ ಇಡುವ ಪ್ರಿಆಂಪ್ ಪೆಡಲ್ ತೆಗೆದುಕೊಳ್ಳಿ. ಮರ ಮುಟ್ಟಬೇಕಿಲ್ಲ, ಬೇಡವಾದರೆ ಮಾರಬಹುದು.

ಒಳಗೇ ಹಾಕಿಸುವುದಾದರೆ ಕೊಡುವ ಮೊದಲು ಪ್ಲೇಟ್ ಬಿಚ್ಚಿ ಫೋಟೋ ತೆಗೆಯಿರಿ. ಬ್ಯಾಟರಿ ಎಲ್ಲಿ ಕೂರುತ್ತದೆ, ಮರ ಕೊರೆಯಬೇಕಾ ಅಂತ ಬಾಯಿಬಿಟ್ಟು ಕೇಳಿ. ಪ್ರಿಆಂಪ್ ಡಬ್ಬಿಯನ್ನು ನಿಮ್ಮ ಎದುರೇ ಒಡೆಯಲಿ, ಬಿಲ್ಲಿನಲ್ಲಿ ಮಾಡೆಲ್ ಹೆಸರು ಬರೆಯಲಿ. ಆ್ಯಕ್ಟಿವ್-ಪ್ಯಾಸಿವ್ ಸ್ವಿಚ್ ಇಲ್ಲದ್ದು ಬೇಡವೇ ಬೇಡ. ಬಾಕಿ ಹಣ ಕೊಡುವ ಮೊದಲು ತಂತಿ ಮುಟ್ಟಿ ನೋಡಿ, ಗುಂಯ್ ಶಬ್ದ ಕಡಿಮೆಯಾಗಬೇಕು. ಕೇಬಲ್ ಕಳಚಿ, ಬ್ಯಾಟರಿ ಮತ್ತು ಅದರ ಕ್ಲಿಪ್ ನಡುವೆ ಸೀರೀಸ್‌ನಲ್ಲಿ ಮೀಟರ್ ಸೇರಿಸಿ, ಕರೆಂಟ್ ಸೊನ್ನೆ ತೋರಿಸಬೇಕು. ಹಳೆಯ ಸಾಮಾನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ನಿಮ್ಮ ಕೈಗೆ ಬರಬೇಕು.

ನನ್ನದನ್ನು ಉಡುಪಿಯವರೇ ಮತ್ತೆ ಪ್ಯಾಸಿವ್ ಮಾಡಿಕೊಟ್ಟರು. 250ರ ಪಾಟ್, 0.047 ಮೈಕ್ರೋಫ್ಯಾರಡ್ ಕೆಪಾಸಿಟರ್, ಒಳಗೆಲ್ಲ ತಾಮ್ರದ ಟೇಪ್. ಪಿಕಪ್ ಉಳಿದದ್ದು ಪುಣ್ಯ. ಕೊರೆದ ಮರಕ್ಕೆ ಅವರೂ ಏನೂ ಮಾಡುವಂತಿರಲಿಲ್ಲ. ಅಂಗಡಿಯವರು ಇಲ್ಲಿಯವರೆಗೆ ಒಂದು ರೂಪಾಯಿ ಕೊಟ್ಟಿಲ್ಲ. ನಿಮಗೂ ಹೀಗಾಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಮಾಡುವಾಗ ಬಿಲ್ಲು ಮತ್ತು ಒಳಗಿನ ಫೋಟೋ ಕೈಯಲ್ಲಿರಲಿ.